ಹಸಿರು ಚೀಟಿ

“ನಿನ್ನ ಮಗಳ ಸಂಗತಿ ದೇಶದ ಲೆಕ್ಕಕ್ಕ ಸೇರೂ ಹಂಗ ಮಾಡ್ತೀನಿ, ಫಕೀರಬಿ,” ಎಂದು ಗಂಗಾಂಬಿಕಾ ಮೇಡಂ ಎಂಟು ವರ್ಷಗಳ ಹಿಂದೆ ಮಾತು ಕೊಟ್ಟಿದ್ದರು. ಕಾಲೇಜಿನಲ್ಲಿ ಹುಡುಗಿಯರಿಗೆ ಶೌಚಾಲಯವಿಲ್ಲವೆಂದು ಫಕೀರಬಿಯ ಮಗಳು ನಿಶಾತ ದಿನವೆಲ್ಲ ನೀರು ಕುಡಿಯದೆ ಕೂರುತ್ತಿದ್ದಳು. ಕೊನೆಗೆ ಕಿಡ್ನಿ ಕೆಟ್ಟು ತೀರಿಕೊಂಡಳು. ಹುಡುಗಿಯರ ಓದು ಅರ್ಧಕ್ಕೇ ನಿಲ್ಲುವುದೇಕೆ ಎಂದು ಮೇಡಂ ಬರೆದ ಸಂಶೋಧನಾ ಪ್ರಬಂಧದ ಮೊದಲ ಅಧ್ಯಾಯ ಅವಳ ಕಥೆಯೇ.

ಉನ್ನತ ಶಿಕ್ಷಣದ ಬಗ್ಗೆ ದೇಶದಲ್ಲಿ ಎಷ್ಟು ಸಂಶೋಧನೆ ನಡೆದಿದೆಯೆಂದು ಎಣಿಸುವವರು ಇವತ್ತು ಕೊಟ್ಟೂರಿನ ಕಾಲೇಜಿಗೆ ಬಂದಿದ್ದರು. ಎಣಿಸಿದ ಪ್ರತಿ ಪ್ರಬಂಧದ ಬೆನ್ನಿಗೂ ಅವರಲ್ಲೊಬ್ಬ, ಪ್ರವೀಣಕುಮಾರ್, ಹಸಿರು ಚೀಟಿ ಅಂಟಿಸುತ್ತಿದ್ದ. ಮೇಡಂ ಪ್ರಬಂಧ ಕೈಗೆ ಬಂದಾಗ ಚೀಟಿ ಅವನ ಬೆರಳ ತುದಿಯಲ್ಲೇ ನಿಂತಿತು. “ಇದು ಕನ್ನಡದಾಗೈತಲ್ರಿ ಮೇಡಂ. ಇಂಗ್ಲಿಷಿನಾಗ ಇದ್ರಷ್ಟೇ ಎಣಸ್ರಿ ಅಂತ ಮ್ಯಾಲಿನವರು ಅಂದಾರ.” ಗೋಂದು ಒಣಗುವ ಮೊದಲೇ ಆ ಚೀಟಿಯನ್ನು ಮುಂದಿನ ಪ್ರಬಂಧಕ್ಕೆ ಅಂಟಿಸಿದ.

ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ಫಕೀರಬಿ ಎದ್ದಳು. “ಇಂಗ್ಲಿಷಿನಾಗ ಯಾಕ ಬರೀಲಿಲ್ರಿ ಮೇಡಂ? ನಿಮಗ ಬರ್ತಿತ್ತಲ್ಲ?”

“ನಿನಗ ಓದಿ ಹೇಳಬೇಕಿತ್ತಲ್ಲವಾ. ನೀ ಕೇಳಿ ಹೂಂ ಅಂದ ಮ್ಯಾಲೇ ಒಂದೊಂದು ಹಾಳಿ ಬರದೀನಿ.”

ಫಕೀರಬಿ ಪ್ರಬಂಧವನ್ನು ಎತ್ತಿಕೊಂಡು ಅದರ ಬರಿಯ ಬೆನ್ನನ್ನು ಸೆರಗಿನಿಂದ ಒರೆಸಿದಳು. “ಹಂಗಾರ ಇದೂ ನನ್ನ ಸಲುವಾಗೇ ಕೆಟ್ಟಿತು ಬಿಡ್ರಿ. ಅವತ್ತ ಆಕಿಗೆ ಕಾಲೇಜಿಗೆ ಹೋಗು ಅಂತ ಹಟ ಹಿಡದಾಕಿನೂ ನಾನೇ.”

ಪ್ರವೀಣಕುಮಾರ್ ಗೋಂದಿನ ಡಬ್ಬಿಯ ಮುಚ್ಚಳ ಹಾಕಿದ. ಮೇಡಂ ಕೊಟ್ಟ ಮಾತು ನಡೆಯಲಿಲ್ಲ.