ಬಣ್ಣ ಹೋದ ಗೇಣು

ಲಿಂಗಸುಗೂರಿನಲ್ಲಿ ಹಳೆಯ ಬೆತ್ತಗಳನ್ನು ಸಂಗ್ರಹಿಸುವವರೊಬ್ಬರು ಮೊನ್ನೆ ಗಾಜಿನ ಕಪಾಟಿನಿಂದ ಬೆಳ್ಳಿ ಹಿಡಿಯ ಬೆತ್ತವೊಂದನ್ನು ತೆಗೆದು, “ನಿಮ್ಮೂರ ಗೌಡ್ರ ಮನೀದ್ರೀ. ಮ್ಯಾಲೆಲ್ಲಾ ಹೊಸದರಂಗ ಐತಿ. ಕೆಳಗ ಗೇಣುದ್ದ ಮಾತ್ರ ಯಾಕ ಬಣ್ಣ ಹೋಗೈತೋ ತಿಳಿವಲ್ದು” ಎಂದರು. ಅದಕ್ಕೆ ಸವರಿದ ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನಲ್ಲಿ ನಮ್ಮ ಬಾಗಿಲಲ್ಲಿ ಬಡಿದದ್ದೂ ಇದೇ ವಾಸನೆ.

ಭತ್ತದ ನಾಟಿಯ ದಿನಗಳಲ್ಲಿ ಗೌಡ ನಮ್ಮ ಕೇರಿಗೆ ಬರುತ್ತಿರಲಿಲ್ಲ, ಬೆತ್ತ ಕಳಿಸುತ್ತಿದ್ದ. ಆಳು ಅದನ್ನು ಯಾರ ಬಾಗಿಲಿಗೆ ಒರಗಿಸಿ ಹೋದನೋ, ಆ ಮನೆಯವರು ಅದನ್ನು ಹಿಡಿದುಕೊಂಡೇ ಗೌಡನ ಗದ್ದೆಗೆ ನಾಟಿಗೆ ಹೋಗಬೇಕು. ಒಂದು ಮಧ್ಯಾಹ್ನ ಅದು ನಮ್ಮ ಬಾಗಿಲಿಗೆ ಬಂತು. ಅವ್ವ ಹಡೆದು ಒಂಬತ್ತು ದಿನವಾಗಿತ್ತು.

“ಬಾಣಂತಿ ಅದಾಳ ಅಂತ ಹೇಳಿ ಬರ್ತೀನಿ,” ಎಂದೆ.

“ಬೆತ್ತಕ್ಕ ಕಿವಿ ಎಲ್ಲಿ ಅದಾವ ಬೇ?” ಎಂದ ಅಜ್ಜಿ, ಅವ್ವನ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿದು ಎಬ್ಬಿಸಿದಳು.

ನಾನು ಸಿಟ್ಟಿನಿಂದ ಹೋಗಿ, ನವಿಲಿನ ಕುತ್ತಿಗೆಯಂತೆ ಬಾಗಿದ್ದ ಬೆಳ್ಳಿಗೇ ಕೈ ಹಾಕಿದೆ. ಎಂದೂ ಹೊಡೆಯದ ಅವ್ವ ಕೆನ್ನೆಗೆ ಬಾರಿಸಿದಳು.

“ಹಿಡಿ ಮುಟ್ಟಬ್ಯಾಡ. ಅದು ಗೌಡ್ರ ಕೈ. ನಾವು ಕೆಳಗ ಹಿಡೀಬೇಕು.”

ಕೆಳತುದಿ ಹಿಡಿದು, ಬೆಳ್ಳಿಯ ನವಿಲನ್ನು ತಲೆಗಿಂತ ಮೇಲೆತ್ತಿಕೊಂಡು ಅವ್ವ ಕಾಲುವೆ ದಂಡೆಯ ಮೇಲೆ ನಡೆದಳು. ಹಾಲು ಇಳಿದು ಕುಪ್ಪಸ ತೊಯ್ದಿತ್ತು. ಮನೆಯಲ್ಲಿ ಕೂಸು ಅಳುತ್ತಿತ್ತು.

“ಹಿಡಿ ಹಿಡಿದು ನೋಡ್ರಿ ಮೇಡಂ, ಏನ್ ಕೆಲಸ ಅದು!” ಎಂದರು ಕಪಾಟಿನವರು.

ನಾನು ಬಣ್ಣ ಹೋದ ಗೇಣನ್ನೇ ಹಿಡಿದೆ. ವಾಪಸ್ ಕೊಡ್ರಿ ಎಂದು ಅವರು ಮೂರು ಸಲ ಕೇಳಬೇಕಾಯಿತು.