ಮೊದಲ ತುತ್ತಿನ ಭಾರ

ಅನ್ನಪ್ರಾಶನವಾಗುವವರೆಗೆ ಹಸುಗೂಸುಗಳು ತೇಲುತ್ತವೆ. ಹೊರಗೆ ಒಯ್ಯುವಂತಿಲ್ಲ. ಅದಕ್ಕೇ ಭಾರ್ಗವಿ ಕೂಸಿನ ಉಡಿದಾರವನ್ನು ಸೆರಗಿಗೆ ಗಂಟು ಹಾಕಿಕೊಂಡು, ದೊಡ್ಡ ಮಗಳು ಇಂಚರಾಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು.

“ಏಳೆಂಟ್ಲ ಎಷ್ಟೇ?”

“ಅಮ್ಮಾ, ಗಂಟು!”

ಎರಡು ವರ್ಷದ ಮಗ ಚಿರು ಆಟಕ್ಕೆಂದು ಗಂಟು ಬಿಚ್ಚಿಬಿಟ್ಟಿದ್ದ. ಸೆಖೆಗೆ ತೆರೆದಿಟ್ಟ ಬೆಳಕಿಂಡಿಯತ್ತ ಕೂಸು ಕೇಕೆ ಹಾಕುತ್ತ ಏರಿತು. ಭಾರ್ಗವಿ ನೆಗೆದಳು, ಎಟುಕಲಿಲ್ಲ.

ಇಂಚರಾ ಚಿರುವಿನ ತಟ್ಟೆಯ ಮೊಸರನ್ನವನ್ನು ಸ್ಕೇಲಿನ ತುದಿಗೆ ಮೆತ್ತಿ, ಮೇಜು ಹತ್ತಿ ಕೂಸಿನ ಬಾಯಿಗೊಡ್ಡಿದಳು. ಕೂಸು ಚಪ್ಪರಿಸಿ ನುಂಗಿತು. ಭಾರ್ಗವಿ ಒಡ್ಡಿದ ಸೆರಗಿಗೆ ದೊಪ್ಪನೆ ಬಿತ್ತು.

“ಮುಹೂರ್ತ ನೋಡ್ದೆ ಅನ್ನ ಮುಟ್ಸಿದ್ರೇನ್ರೇ?” ಇಂಚರಾ ಥೇಟ್ ಅಜ್ಜಿಯ ದನಿಯಲ್ಲಿ ಗದರಿದಳು.

ಭಾರ್ಗವಿಗೆ ನಗು ಬರಲಿಲ್ಲ. “ಏಳೆಂಟ್ಲ?” ಅಂದಳು, ಮೊದಲ ಸಲ ತೋಳು ನೋಯುವಷ್ಟು ಭಾರವಾದ ಕೂಸನ್ನು ಕೆಳಗಿಡದೆ.