ಬರಿಗಾಲಿನ ತಾಳ

"ಕೊನೆಯ ಚರಣದಲ್ಲಿ ದೊಡ್ಡ ಡ್ರಮ್ಮಿನ ಸದ್ದೇ ಬಂದಿಲ್ಲ ಸರ್," ಎಂದು ರೆಕಾರ್ಡಿಂಗ್ ಮಾಡುವಾಕೆ ಗಾಜಿನ ಆಚೆಯಿಂದ ಹೇಳಿದಾಗ ಹಳೆಯ ರಾಕ್ ಬ್ಯಾಂಡಿನ ನಾಲ್ವರೂ ನಕ್ಕುಬಿಟ್ಟರು. ಇಪ್ಪತ್ತೆರಡು ವರ್ಷಗಳ ಮೇಲೆ ಮತ್ತೆ ಒಂದಾಗಿ ತರುತ್ತಿದ್ದ ಆಲ್ಬಮ್ಮಿನ ಕೊನೆಯ ಹಾಡು ಅದು. ಡ್ರಮ್ಮರ್ ಯಾವತ್ತಿನಂತೆ ಬರಿಗಾಲಲ್ಲೇ ಆ ದೊಡ್ಡ ಡ್ರಮ್ಮು ಬಾರಿಸುವ ಪೆಡಲ್ ತುಳಿದಿದ್ದ. ಗಿಟಾರುಗಳ ಅಬ್ಬರದಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ.

"ಮೈಕಿನ ವಯರ್ ಕಿತ್ತುಹೋಗಿರುತ್ತೆ ನೋಡಮ್ಮ," ಎಂದ ಹಾಡುಗಾರ, ಡ್ರಮ್ಮರನ ಸ್ವಂತ ತಮ್ಮ. "ನಮ್ಮಣ್ಣನ ತಲೆ ಕೈಕೊಟ್ರೂ ಕಾಲು ಕೈಕೊಡಲ್ಲ!"

"ಮೈಕ್ ಸರಿಯಾಗೇ ಇದೆ ಸರ್. ಅವರು ಉಸಿರಾಡೋದು ಕೂಡ ಕೇಳಿಸ್ತಿದೆ."

ನಗು ತಗ್ಗಿತು. "ಅಣ್ಣಾ, ಒಂದ್ಸಲ ಸುಮ್ನೆ ತುಳಿ, ನೋಡೋಣ," ಎಂದ ತಮ್ಮ. ಡ್ರಮ್ಮರ್ ತುಳಿದ. ತೊಡೆ ಬಿಗಿದದ್ದು, ಅಂಗಾಲಿಗೆ ತಣ್ಣನೆಯ ಕಬ್ಬಿಣ ತಗುಲಿದ್ದು ಅವನಿಗೆ ಚೆನ್ನಾಗಿಯೇ ತಿಳಿಯಿತು. ಆದರೆ ಕೋಣೆಯಲ್ಲಿ ಸದ್ದಿಲ್ಲ.

"ತುಳಿ ಅಣ್ಣಾ."

"ತುಳೀತಾನೇ ಇದೀನಲ್ಲೋ!" ಎಂದು ಗದರಿ ಅವನು ತಮ್ಮನ ಮುಖ ನೋಡಿದ. ತಮ್ಮನ ಕಣ್ಣು ನೆಲದಲ್ಲಿ ನೆಟ್ಟಿತ್ತು. ಅವನೂ ಬಗ್ಗಿ ನೋಡಿದ. ಪೆಡಲಿನಿಂದ ಒಂದು ಗೇಣು ಆಚೆ, ಯಾರೋ ಬಿಟ್ಟುಹೋದ ಚಪ್ಪಲಿಯ ಹಾಗೆ, ಅವನ ಬಲಗಾಲು ಪಕ್ಕಕ್ಕೆ ವಾಲಿಕೊಂಡು ಅಲುಗಾಡದೆ ಬಿದ್ದಿತ್ತು.